ಆಲೂಗಡ್ಡೆಯ ಟಾಕೋ ಬಟ್ಟಲು: ಕೆಲಸದ ದಿನಗಳ ರಾತ್ರಿ ಅರ್ಧ ಗಂಟೆಯಲ್ಲಿ ಮುಗಿಸುವುದು ಹೇಗೆ?

ಮೂರ್ನಾಡು ಟೀಚರ್:

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಶಾಲೆಯಿಂದ ಮೂರ್ನಾಡಿನ ಮನೆಗೆ ನಾನು ತಲುಪುವಾಗ ಸಂಜೆ ಆರು ಗಂಟೆಯಾಗುತ್ತದೆ. ಈಗ ಕಾಫಿ ಕೊಯ್ಲಿನ ಕಾಲವಾದ್ದರಿಂದ ಯಜಮಾನರು ಹಣ್ಣು ತೂಕ ಹಾಕಿಸಿ, ಕೆಲಸದವರ ಲೆಕ್ಕ ಮುಗಿಸಿ ಒಳಗೆ ಬರುವುದು ಏಳೂವರೆಗೆ. ಅಷ್ಟು ಹೊತ್ತಿಗೆ ಮಕ್ಕಳಿಬ್ಬರೂ ಹಸಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಆಲೂಗಡ್ಡೆಯ ಹೋಳುಗಳ ಮೇಲೆ ಖಾರದ ಕೈಮಾ, ಹಸಿ ಟೊಮೇಟೊ, ಈರುಳ್ಳಿ, ಮೊಸರು, ಚೀಸ್ ಹಾಕಿ ಒಂದೇ ಬಟ್ಟಲಿನಲ್ಲಿ ಊಟ ಮುಗಿಸುವ ಈ ಟಾಕೋ ಬಟ್ಟಲಿನ ಕ್ರಮವನ್ನು ಹೇಳಿಕೊಟ್ಟಳು. ಅವಳ ಮನೆಯಲ್ಲಿ ತಿಂದಾಗ ಬಹಳ ಹಿಡಿಸಿತು, ಮಕ್ಕಳೂ ಅದನ್ನೇ ಕೇಳುತ್ತಿದ್ದಾರೆ.

ಆದರೆ ನಾನು ಮಾಡಿದ ಮೂರು ಸಲವೂ ಅದು ಕೈಕೊಟ್ಟಿತು. ಮೊದಲ ಸಲ ಹಸಿ ಆಲೂಗಡ್ಡೆಯ ಹೋಳು, ಮಸಾಲೆ, ಎರಡು ಟೊಮೇಟೊ, ಒಂದು ಚಮಚ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಎಲ್ಲವನ್ನೂ ಒಂದೇ ಬಾಣಲೆಗೆ ಹಾಕಿ ಮುಚ್ಚಿಟ್ಟೆ. ನಲವತ್ತು ನಿಮಿಷ ಕಳೆದರೂ ಹೋಳಿನ ನಡುಭಾಗ ಹಲ್ಲಿಗೆ ಕರಕರ ಎನ್ನುತ್ತಿತ್ತು. ಎರಡನೆಯ ಸಲ ಹೆಚ್ಚಿದ ಹೋಳುಗಳನ್ನು ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿದೆ, ಮುಚ್ಚಳ ತೆರೆದಾಗ ಪಲ್ಯಕ್ಕೂ ಆಗದಷ್ಟು ಮುದ್ದೆಯಾಗಿತ್ತು. ಮೂರನೆಯ ಸಲ ಹಸಿ ಹೋಳುಗಳನ್ನೇ ಎಣ್ಣೆಯಲ್ಲಿ ಹುರಿಯಲು ಹೋಗಿ ಕಾಲು ಲೀಟರಿನಷ್ಟು ಎಣ್ಣೆ ಖರ್ಚಾಯಿತು, ಹೊರಗೆ ಕಪ್ಪಾದರೂ ಒಳಗೆ ಹಸಿಯಾಗಿಯೇ ಉಳಿಯಿತು. ಮನೆಯಲ್ಲಿ ಓವನ್ ಇಲ್ಲ, ಇರುವುದು ಎರಡು ಒಲೆಯ ಗ್ಯಾಸ್ ಮತ್ತು ಒಂದು ಕಬ್ಬಿಣದ ಬಾಣಲೆ. ಹೊರಗೆ ಗರಿಯಾಗಿ ಒಳಗೆ ಮೆತ್ತಗಿರುವ ಆಲೂಗಡ್ಡೆಯನ್ನು ಅರ್ಧ ಗಂಟೆಯಲ್ಲಿ ಮಾಡುವ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಬೇಕು.

ಗೋಣಿಕೊಪ್ಪ ಅಡುಗೆಮನೆ:

ಟೀಚರ್ ಅವರೇ, ಮೊದಲ ಸಲ ನಿಮ್ಮ ಹೋಳು ಬೇಯದೆ ಉಳಿದದ್ದು ಹುಳಿಯ ದೆಸೆಯಿಂದ. ಆಲೂಗಡ್ಡೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು. ಬಿಸಿನೀರಿನಲ್ಲಿ ಅದು ಕರಗಿದಾಗಲೇ ಹೋಳು ಮೆತ್ತಗಾಗುವುದು. ನೀರಿನಲ್ಲಿ ಹುಳಿ ಇದ್ದರೆ ಆ ಅಂಟು ಬೇಗ ಕರಗುವುದಿಲ್ಲ. ಟೊಮೇಟೊ ಒಂದೇ ಇದ್ದರೂ ತಡವಾಗುತ್ತದೆ, ನೀವು ಅದರ ಜೊತೆಗೆ ಕಾಚಂಪುಳಿಯನ್ನೂ ಹಾಕಿದ್ದೀರಿ. ಪಣಪುಳಿ ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸಿ ಇಳಿಸಿದ ಕಾಚಂಪುಳಿ ಎಷ್ಟು ತೀಕ್ಷ್ಣವೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹಂದಿಮಾಂಸದ ಸಾರಿಗೂ ನಮ್ಮ ಹಿರಿಯರು ಅದನ್ನು ಮಾಂಸ ಬೆಂದ ಮೇಲೆಯೇ ಹಾಕುತ್ತಾರಲ್ಲವೇ? ಆಲೂಗಡ್ಡೆಗೂ ಅದೇ ಕ್ರಮ ಇರಲಿ.

ನಾನು ಹೋಂಸ್ಟೇ ಅಡುಗೆಮನೆ ನಡೆಸುವವಳು. ಹನ್ನೆರಡು ಜನರಿಗೆ ಒಟ್ಟಿಗೆ ಬಡಿಸಬೇಕಾದ ಸಂಜೆಗಳಲ್ಲಿ ಆಲೂಗಡ್ಡೆಯ ಕೆಲಸವನ್ನು ಆ ಸಂಜೆಗೆ ಉಳಿಸಿಕೊಳ್ಳುವುದೇ ಇಲ್ಲ. ಹಿಂದಿನ ರಾತ್ರಿ ಪಾತ್ರೆ ತೊಳೆಯುವ ಹೊತ್ತಿನಲ್ಲಿ ಒಂದು ಒಲೆಯ ಮೇಲೆ ಅದು ತಾನಾಗಿ ಬೇಯುತ್ತಿರುತ್ತದೆ. ನಾಲ್ಕು ಜನರಿಗೆ ಮುಕ್ಕಾಲು ಕಿಲೋ ಸಾಕು. ಹೆಬ್ಬೆರಳಿನ ಉಗುರಿನಷ್ಟು, ಎಂದರೆ ಎರಡು ಸೆಂಟಿಮೀಟರಿನ ಚೌಕ ಹೋಳುಗಳನ್ನಾಗಿ ಹೆಚ್ಚಿ ತಣ್ಣೀರಿನಲ್ಲಿ ಹಾಕಿ, ಧಾರಾಳವಾಗಿ ಉಪ್ಪು ಬೆರೆಸಿ ಒಲೆಯ ಮೇಲಿಡಿ. ಕುದಿವ ನೀರಿಗೆ ಹಾಕಿದರೆ ಅಂಚು ಕರಗುವಷ್ಟರಲ್ಲಿ ನಡು ಬೆಂದಿರುವುದಿಲ್ಲ, ತಣ್ಣೀರಿನಿಂದ ಆರಂಭಿಸಿದರೆ ಹೊರಗೂ ಒಳಗೂ ಒಂದೇ ಸಮನಾಗಿ ಬೇಯುತ್ತದೆ. ಕುದಿ ಬಂದ ಮೇಲೆ ಎಂಟು ನಿಮಿಷಕ್ಕೆ ಒಂದು ಹೋಳನ್ನು ತೆಗೆದು ಚಾಕುವಿನ ತುದಿಯಿಂದ ಚುಚ್ಚಿ ನೋಡಿ. ತುದಿ ಸಲೀಸಾಗಿ ಒಳಗೆ ಹೋಗಬೇಕು, ಆದರೆ ಹೋಳು ಒಡೆಯಬಾರದು.

ಬಸಿದ ಮೇಲೆ ಮಾಡಬೇಕಾದ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹೋಳುಗಳನ್ನು ಅಗಲವಾದ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಮುಚ್ಚದೆ ಹಾಗೆಯೇ ಬಿಡಬೇಕು. ಮೊದಲು ಮೈಯೆಲ್ಲ ಮಿನುಗುತ್ತಿರುತ್ತದೆ. ಹಬೆ ಏಳುತ್ತ ಏಳುತ್ತ ಐದಾರು ನಿಮಿಷದಲ್ಲಿ ಆ ಮಿನುಗು ಮಾಯವಾಗಿ, ಅಂಚಿನಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿನ ಪುಡಿ ಕಾಣಿಸಿಕೊಳ್ಳುತ್ತದೆ. ಮಾರನೆಯ ದಿನ ಗರಿಯಾಗುವುದು ಆ ಪುಡಿಯೇ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ರಾತ್ರಿಯಿಡೀ ತಣ್ಣಗಿದ್ದಾಗ ಒಳಗಿನ ಪಿಷ್ಟ ಬಿಗಿದುಕೊಳ್ಳುವುದರಿಂದ ಬಾಣಲೆಯಲ್ಲಿ ಎಷ್ಟು ಮಗುಚಿದರೂ ಹೋಳು ಮುರಿಯುವುದಿಲ್ಲ.

ಸಂಜೆ ನಿಮ್ಮ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎರಡು ದೊಡ್ಡ ಚಮಚ ಎಣ್ಣೆ ಹಾಕಿ ಹೋಳುಗಳನ್ನು ಒಂದೇ ಪದರವಾಗಿ ಹರಡಿ. ಒಂದರ ಮೇಲೊಂದು ಬಿದ್ದರೆ ಹಬೆಯಲ್ಲಿ ಬೇಯುತ್ತವೆಯೇ ಹೊರತು ಹುರಿಯುವುದಿಲ್ಲ, ಆದ್ದರಿಂದ ಬಾಣಲೆ ಚಿಕ್ಕದಾದರೆ ಎರಡು ಸಲ ಮಾಡುವುದೇ ಲೇಸು. ನಾಲ್ಕು ನಿಮಿಷ ಕೈ ಹಾಕಬಾರದು. ಆಮೇಲೆ ಒಮ್ಮೆ ಮಗುಚಿ, ಮತ್ತೆ ನಾಲ್ಕು ನಿಮಿಷ. ಜೀರಿಗೆ ಪುಡಿ, ಮೆಣಸಿನ ಪುಡಿಗಳನ್ನು ಒಲೆ ಆರಿಸುವ ಮುನ್ನ ಉದುರಿಸಿದರೆ ಸಾಕು, ಮೊದಲೇ ಹಾಕಿದರೆ ಸೀದು ಕಹಿಯಾಗುತ್ತವೆ. ಹುಳಿ ಏನಿದ್ದರೂ ಬಟ್ಟಲಿಗೆ ಬಡಿಸಿದ ಮೇಲೆ.

ಶನಿವಾರಸಂತೆ ಹೊಲ:

ಗೋಣಿಕೊಪ್ಪದ ಅಕ್ಕ ಬೇಯಿಸುವ ಬಗೆಯನ್ನು ಪೂರ್ತಿಯಾಗಿ ಹೇಳಿದ್ದಾರೆ. ಗಡ್ಡೆಯ ಬಗ್ಗೆ ನಾನು ನಾಲ್ಕು ಮಾತು ಸೇರಿಸುತ್ತೇನೆ. ನಮ್ಮೂರು ಹಾಸನ ಜಿಲ್ಲೆಗೆ ಅಂಟಿಕೊಂಡಿರುವುದರಿಂದ ಆಲೂಗಡ್ಡೆ ಬೇಸಾಯವನ್ನು ಹತ್ತಿರದಿಂದ ನೋಡಿದವನು ನಾನು. ಆ ಕಡೆ ಹೆಚ್ಚಾಗಿ ಬೆಳೆದುಕೊಂಡು ಬಂದಿರುವುದು ಕುಫ್ರಿ ಜ್ಯೋತಿ ತಳಿ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ, ಮುಂಗಾರಿನ ಆರಂಭದಲ್ಲಿ ಬಿತ್ತುತ್ತಾರೆ, ಅಂಗಮಾರಿ ರೋಗದ ಕೈಗೆ ಸಿಗದೆ ಉಳಿದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಕೀಳುತ್ತಾರೆ. ಆಗ ಸಿಗುವ ಹೊಸ ಗಡ್ಡೆಯ ಸಿಪ್ಪೆ ಬೆರಳಿನಿಂದ ಉಜ್ಜಿದರೆ ಎದ್ದುಬರುವಷ್ಟು ತೆಳುವಾಗಿರುತ್ತದೆ, ಒಳಗೆ ನೀರಿನಂಶವೂ ಹೆಚ್ಚು. ಸಾರಿಗೆ, ಪಲ್ಯಕ್ಕೆ ಅದು ಚೆಂದ. ಗರಿಯಾಗಬೇಕಾದರೆ ಸಿಪ್ಪೆ ಬಲಿತು, ಕೈಯಲ್ಲಿ ಹಿಡಿದರೆ ಭಾರವಾಗಿ ಗಟ್ಟಿಯಾಗಿರುವ ಗಡ್ಡೆಯನ್ನು ಆರಿಸಿಕೊಳ್ಳಿ.

ಹಸಿ ಗಡ್ಡೆಯನ್ನು ಮಾತ್ರ ಫ್ರಿಜ್ಜಿನಲ್ಲಿ ಇಡಲೇಬೇಡಿ. ಅಲ್ಲಿನ ಚಳಿಗೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತ ಹೋಗುತ್ತದೆ, ಅಂತಹ ಗಡ್ಡೆಯನ್ನು ಹುರಿದರೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಟೀಚರ್ ಅವರ ಮೂರನೆಯ ಪ್ರಯತ್ನದಲ್ಲಿ ಕಪ್ಪಾದುದಕ್ಕೆ ಇದೂ ಕಾರಣವಾಗಿರಬಹುದು. ಫ್ರಿಜ್ಜಿಗೆ ಹೋಗಬೇಕಾದದ್ದು ಬೆಂದ ಹೋಳು, ಹಸಿ ಗಡ್ಡೆ ಕತ್ತಲಾದ, ಗಾಳಿಯಾಡುವ ಮೂಲೆಯಲ್ಲಿ ಗೋಣಿಚೀಲದಲ್ಲಿರಲಿ. ಬೆಳಕು ಬಿದ್ದು ಹಸಿರಾದ ಭಾಗದಲ್ಲಿ ಸೊಲನೈನ್ ಎಂಬ ವಿಷ ಸೇರಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಅಲ್ಪಸ್ವಲ್ಪ ಹಸಿರಿದ್ದರೆ ದಪ್ಪವಾಗಿ ಕೆತ್ತಿ ತೆಗೆಯಿರಿ, ಹೆಚ್ಚಿದ್ದರೆ ಗಡ್ಡೆಯನ್ನೇ ಎಸೆಯಿರಿ.

ಪಾಲಿಬೆಟ್ಟ ಮನೆ:

ನಾನು ಕೆಲಸದ ನಿಮಿತ್ತ ಒಂಬತ್ತು ವರ್ಷ ಅಮೆರಿಕದ ಟೆಕ್ಸಾಸಿನಲ್ಲಿದ್ದು ಈಗ ಊರಿಗೆ ಮರಳಿದ್ದೇನೆ. ಟಾಕೋ ಎಂದರೆ ಮೂಲದಲ್ಲಿ ಮೆಕ್ಸಿಕೋದವರ ಊಟ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು, ತೊಳೆದು, ರುಬ್ಬಿದ ಹಿಟ್ಟನ್ನು ತೆಳ್ಳಗೆ ತಟ್ಟಿ ಸುಟ್ಟರೆ ಟೋರ್ಟಿಯಾ ಎಂಬ ರೊಟ್ಟಿಯಾಗುತ್ತದೆ. ಅದನ್ನು ಮಡಚಿ ಒಳಗೆ ಮಾಂಸವನ್ನೋ ಕಾಳನ್ನೋ ತುಂಬಿದರೆ ಟಾಕೋ. ಗಡಿಯ ಆಚೆ ಟೆಕ್ಸಾಸಿಗೆ ಬಂದಾಗ ಅದಕ್ಕೆ ಗರಿಗರಿಯಾದ ಚಿಪ್ಪು, ಕೈಮಾ, ಹಳದಿ ಚೀಸ್ ಸೇರಿಕೊಂಡವು. ರೊಟ್ಟಿಯನ್ನು ಬಿಟ್ಟು ಒಳಗಿನದನ್ನೆಲ್ಲ ಬಟ್ಟಲಿಗೆ ಹಾಕಿದ್ದೇ ಈಗಿನ ಟಾಕೋ ಬಟ್ಟಲು. ಮೆಣಸಿನಕಾಯಿ, ಟೊಮೇಟೊ, ರಾಜ್ಮಾ, ಮೆಕ್ಕೆಜೋಳ, ಬೆಣ್ಣೆಹಣ್ಣು ಎಲ್ಲವೂ ಅಮೆರಿಕ ಖಂಡದಿಂದ ಬಂದ ಬೆಳೆಗಳೇ. ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ್ದು, ಮಂಗಳೂರಿನವರು ಇಂದಿಗೂ ಅದಕ್ಕೆ ಪೋರ್ಚುಗೀಸರ ಬಾಯಿಂದ ಬಂದ ಬಟಾಟೆ ಎಂಬ ಹೆಸರನ್ನೇ ಹೇಳುತ್ತಾರೆ.

ಅಂಗಡಿಯಲ್ಲಿ ಸಿಗುವ ಟಾಕೋ ಮಸಾಲೆಯ ಪೊಟ್ಟಣಕ್ಕಾಗಿ ಮೈಸೂರಿನವರೆಗೆ ಹೋಗುವ ಅಗತ್ಯ ಖಂಡಿತ ಇಲ್ಲ. ಅದರ ಜೀವಾಳ ಜೀರಿಗೆ. ಹುರಿದು ಪುಡಿ ಮಾಡಿದ ಜೀರಿಗೆ ಒಂದೂವರೆ ಚಮಚ, ಬಣ್ಣಕ್ಕೆ ಬ್ಯಾಡಗಿ ಮೆಣಸಿನ ಪುಡಿ ಎರಡು ಚಮಚ, ಕೊತ್ತಂಬರಿ ಪುಡಿ ಒಂದು ಚಮಚ, ನಮ್ಮ ತೋಟದ ಕರಿಮೆಣಸಿನ ಪುಡಿ ಅರ್ಧ ಚಮಚ, ಜಜ್ಜಿದ ಬೆಳ್ಳುಳ್ಳಿ ಆರು ಎಸಳು. ಅವರು ಹಾಕುವ ಒರೆಗಾನೊ ಎಂಬ ಒಣ ಸೊಪ್ಪಿಗೆ ಬದಲಾಗಿ ನಾನು ಹಿತ್ತಲಿನ ದೊಡ್ಡಪತ್ರೆಯ ನಾಲ್ಕು ಎಲೆಗಳನ್ನು ಸಣ್ಣಗೆ ಹೆಚ್ಚಿ ಹಾಕುತ್ತೇನೆ. ಎರಡಕ್ಕೂ ಆ ಘಾಟು ಬರುವುದು ಕಾರ್ವಕ್ರಾಲ್ ಎಂಬ ಒಂದೇ ಬಗೆಯ ತೈಲದಿಂದ, ದೊಡ್ಡಪತ್ರೆಯನ್ನು ಹೊರದೇಶಗಳಲ್ಲಿ ಕ್ಯೂಬಾದ ಒರೆಗಾನೊ ಎಂದು ಕರೆಯುವುದೂ ಇದಕ್ಕಾಗಿಯೇ. ಮುನ್ನೂರು ಗ್ರಾಂ ಕೋಳಿ ಕೈಮಾವನ್ನು ಈರುಳ್ಳಿಯೊಡನೆ ಹುರಿದು, ಈ ಮಸಾಲೆ ಹಾಕಿ, ಅರ್ಧ ಲೋಟ ನೀರು ಬಿಟ್ಟು ಹತ್ತು ನಿಮಿಷ ಬತ್ತಿಸಿದರೆ ಸಾಕು.

ಇನ್ನೊಂದು ವಿಷಯವನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೆಕ್ಸಿಕೋದಲ್ಲಿ ಆಲೂಗಡ್ಡೆಯ ಟಾಕೋ ಮಾಡುವಾಗ ಅದರ ಜೊತೆಗೆ ಚೋರಿಸೊ ಎಂಬ ಹಂದಿಮಾಂಸದ ಸಾಸೇಜನ್ನು ಪುಡಿ ಮಾಡಿ ಹುರಿದು ಹಾಕುವುದು ಬಹಳ ರೂಢಿಯಲ್ಲಿದೆ. ಅದು ಒಣಮೆಣಸಿನಕಾಯಿ ಮತ್ತು ವಿನೆಗರ್ ಹಾಕಿದ ಹಂದಿಮಾಂಸ. ಖಾರ ಹಾಕಿ ಹುಳಿ ಹಿಂಡಿದ ಹಂದಿಮಾಂಸ ಕೊಡಗಿನವರಿಗೆ ಹೊಸದೇ? ಭಾನುವಾರದ ಪಂದಿಕರಿಯಲ್ಲಿ ಒಂದು ಬಟ್ಟಲು ಉಳಿದಿದ್ದರೆ, ತುಂಡುಗಳನ್ನು ಸಣ್ಣಗೆ ಹೆಚ್ಚಿ ಒಣಗುವವರೆಗೆ ಹುರಿದು, ಗರಿಯಾದ ಆಲೂಗಡ್ಡೆಯ ಮೇಲೆ ಹಾಕಿ ನೋಡಿ. ಕಾಚಂಪುಳಿ ಆ ಮಾಂಸದಲ್ಲಿಯೇ ಇರುವುದರಿಂದ ಬೇರೆ ಹುಳಿಯೂ ಬೇಡ.

ಮೂರ್ನಾಡು ಟೀಚರ್:

ಅಕ್ಕ, ಅಣ್ಣಂದಿರೇ, ಇಷ್ಟು ವಿವರವಾಗಿ ಬರೆದುದಕ್ಕೆ ನಿಮಗೆಲ್ಲ ಋಣಿಯಾಗಿದ್ದೇನೆ. ಹಸಿ ಗಡ್ಡೆಯನ್ನು ನಾನು ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿಯೇ ಇಡುತ್ತಿದ್ದೆ, ಇಂದೇ ಹೊರಗೆ ತೆಗೆದೆ. ಎರಡು ಪ್ರಶ್ನೆಗಳು ಉಳಿದಿವೆ. ನಮ್ಮ ಅತ್ತೆ ಸೋಮವಾರ ಮಾಂಸ ಮುಟ್ಟುವುದಿಲ್ಲ, ಆ ದಿನ ಕೈಮಾದ ಬದಲು ರಾಜ್ಮಾ ಹಾಕಬಹುದೇ? ಅವರಿಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ ಆಲೂಗಡ್ಡೆಯನ್ನು ಎಷ್ಟರ ಮಟ್ಟಿಗೆ ಕೊಡಬಹುದು ಎಂಬುದೂ ತಿಳಿಯಬೇಕಾಗಿದೆ.

ವಿರಾಜಪೇಟೆ ದಾದಿ:

ರಾಜ್ಮಾ ಧಾರಾಳವಾಗಿ ಹಾಕಿ, ಆದರೆ ಬೇಯಿಸುವುದರಲ್ಲಿ ಎಚ್ಚರವಿರಲಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷಕಾರಿ ಪ್ರೋಟೀನ್ ಇರುತ್ತದೆ, ಅರೆಬೆಂದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗಬಹುದು. ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಬೆರಳಿನಿಂದ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿದರೆ ಯಾವ ಭಯವೂ ಇಲ್ಲ. ಸಣ್ಣ ಉರಿಯಲ್ಲಿ ಕುದಿಸದೆ ಬರೀ ಬೆಚ್ಚಗೆ ಇಟ್ಟು ಬೇಯಿಸುವುದು ಮಾತ್ರ ಕೂಡದು. ಗೋಣಿಕೊಪ್ಪದ ಅಕ್ಕ ಹುಳಿಯ ಬಗ್ಗೆ ಹೇಳಿದ ಮಾತು ಕಾಳಿಗೂ ಸಲ್ಲುತ್ತದೆ, ಕಾಳು ಪೂರ್ತಿ ಮೆತ್ತಗಾದ ಮೇಲೆಯೇ ಟೊಮೇಟೊ ಹಾಕಿ. ಭಾನುವಾರ ಎರಡು ಲೋಟ ಕಾಳನ್ನು ಒಟ್ಟಿಗೆ ಬೇಯಿಸಿ ಅರ್ಧವನ್ನು ಫ್ರೀಜರಿನಲ್ಲಿಟ್ಟರೆ ಮುಂದಿನ ವಾರಕ್ಕೂ ಒದಗುತ್ತದೆ.

ಅತ್ತೆಯವರ ವಿಷಯಕ್ಕೆ ಬಂದರೆ, ಆಲೂಗಡ್ಡೆಯನ್ನು ತರಕಾರಿಯ ಲೆಕ್ಕಕ್ಕೆ ಸೇರಿಸದೆ ಅನ್ನದ ಲೆಕ್ಕಕ್ಕೆ ಸೇರಿಸಬೇಕು. ಬಟ್ಟಲಿನಲ್ಲಿ ಆಲೂಗಡ್ಡೆ ಇರುವ ದಿನ ಅನ್ನವೂ ಬೇಡ, ಅಕ್ಕಿ ಒಟ್ಟಿ ಎಂಬ ನಮ್ಮ ರೊಟ್ಟಿಯೂ ಬೇಡ. ಅವರ ಬಟ್ಟಲಿಗೆ ಒಂದು ಹಿಡಿಯಷ್ಟು ಹೋಳು ಹಾಕಿ, ಉಳಿದ ಜಾಗವನ್ನು ರಾಜ್ಮಾ, ಎಲೆಕೋಸು, ಸೌತೆಕಾಯಿಗಳಿಂದ ತುಂಬಿಸಿ. ಬೇಯಿಸಿ ತಣಿಸಿಟ್ಟ ಆಲೂಗಡ್ಡೆಯಲ್ಲಿ ಪಿಷ್ಟದ ಸ್ವಲ್ಪ ಭಾಗ ಬೇಗ ಜೀರ್ಣವಾಗದ ರೂಪಕ್ಕೆ ಬದಲಾಗುವುದು ನಿಜ, ಆದರೆ ಅದನ್ನೇ ನಂಬಿ ಹೆಚ್ಚು ಬಡಿಸಬಾರದು. ಎಷ್ಟು ಕೊಡಬಹುದೆಂದು ಅವರನ್ನು ನೋಡುತ್ತಿರುವ ವೈದ್ಯರನ್ನು ಒಮ್ಮೆ ಕೇಳಿಕೊಳ್ಳಿ.

ಬೆಂದ ಹೋಳುಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ, ಫ್ರಿಜ್ಜಿನಲ್ಲಿಟ್ಟದ್ದನ್ನೂ ಮೂರು ದಿನದೊಳಗೆ ಮುಗಿಸಿ. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅಂತಹ ವಾರಗಳಲ್ಲಿ ಹಿಂದಿನ ರಾತ್ರಿ ಬೇಯಿಸಿಡುವ ಈ ಕ್ರಮವನ್ನು ಕೈಬಿಟ್ಟು, ಮನೆಗೆ ಬಂದ ಕೂಡಲೇ ಬೇಯಿಸಿ, ಹಬೆ ಆರಿಸಿ ಹುರಿಯುವುದೇ ಸರಿ. ಇಪ್ಪತ್ತು ನಿಮಿಷ ಹೆಚ್ಚಾದರೂ ಹೊಟ್ಟೆ ಕೆಡುವುದಿಲ್ಲ.

ಸುಂಟಿಕೊಪ್ಪ ತೋಟ:

ಬೆಣ್ಣೆಹಣ್ಣಿನ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಾಫಿ ತೋಟದ ನಡುವೆ ಆರು ಮರಗಳಿವೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಈ ಬೆಳೆಯ ಮೇಲೆ ಕೆಲಸ ಮಾಡಿ ನಮ್ಮ ಹವೆಗೆ ಹೊಂದುವ ತಳಿಗಳನ್ನು ಆಯ್ದುಕೊಟ್ಟಿದ್ದಾರೆ. ಆದರೆ ನಮ್ಮ ಮರಗಳ ಹಣ್ಣು ಮಳೆಗಾಲದ್ದು. ಈಗ ಕೊಯ್ಲಿನ ಕಾಲದಲ್ಲಿ ಅದಕ್ಕಾಗಿ ಪೇಟೆಯಲ್ಲಿ ದುಬಾರಿ ಬೆಲೆ ತೆರಬೇಡಿ. ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿ, ಉಪ್ಪು ಮತ್ತು ಜಜ್ಜಿದ ಒಂದೇ ಒಂದು ಗಾಂಧಾರಿ ಮೆಣಸು ಬೆರೆಸಿದರೆ ಆ ತಂಪು, ಆ ಜಿಡ್ಡು ಎರಡೂ ಸಿಗುತ್ತವೆ. ಜುಲೈ ಬರಲಿ, ಮರದಿಂದ ಕಿತ್ತ ಹಣ್ಣನ್ನು ನಾಲ್ಕೈದು ದಿನ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟು, ತೊಟ್ಟಿನ ಬಳಿ ಒತ್ತಿದಾಗ ಮೆತ್ತಗಾಗಿದ್ದರೆ ಹೆಚ್ಚಿ ಹಾಕಿಕೊಳ್ಳಿ.

ಮೂರ್ನಾಡು ಟೀಚರ್:

ನಿನ್ನೆ ಮಂಗಳವಾರ ಮಾಡಿದೆ. ಸೋಮವಾರ ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗಲೇ ಹೋಳು ಬೆಂದಿತು. ಅಕ್ಕ ಹೇಳಿದಂತೆಯೇ ತಟ್ಟೆಯಲ್ಲಿ ಹರಡಿ ನೋಡುತ್ತ ನಿಂತೆ. ಮೈಯ ಮಿನುಗು ಆರಿ ಅಂಚು ಬೆಳ್ಳಗಾದುದನ್ನು ಕಂಡಾಗ, ಇಷ್ಟು ದಿನ ಒದ್ದೆ ಹೋಳನ್ನೇ ಎಣ್ಣೆಗೆ ಹಾಕುತ್ತಿದ್ದೆನಲ್ಲ ಎಂದು ಬೇಸರವಾಯಿತು. ನಿನ್ನೆ ಆರೂ ಮುಕ್ಕಾಲಿಗೆ ಒಂದು ಒಲೆಯ ಮೇಲೆ ಕೈಮಾ, ಇನ್ನೊಂದರ ಮೇಲೆ ಆಲೂಗಡ್ಡೆ ಇಟ್ಟೆ. ಕೈಮಾ ಬತ್ತುವಷ್ಟರಲ್ಲಿ ಮೊದಲ ಸುತ್ತಿನ ಹೋಳು ಇಳಿಯಿತು, ಎರಡನೆಯ ಸುತ್ತು ಹುರಿಯುತ್ತಿದ್ದಾಗ ದೊಡ್ಡ ಮಗಳು ಟೊಮೇಟೊ, ಈರುಳ್ಳಿ, ಕೊತ್ತಂಬರಿ ಸೊಪ್ಪು ಹೆಚ್ಚಿಕೊಟ್ಟಳು. ಏಳು ಗಂಟೆ ಹದಿನೈದು ನಿಮಿಷಕ್ಕೆ ಬಟ್ಟಲುಗಳು ಮೇಜಿನ ಮೇಲಿದ್ದವು. ನನ್ನ ಮತ್ತು ಯಜಮಾನರ ಬಟ್ಟಲಿಗೆ ಮೂರು ಮೂರು ಹನಿ ಕಾಚಂಪುಳಿಯನ್ನು ಕೊನೆಯಲ್ಲಿ ಬಿಟ್ಟೆ, ಮಕ್ಕಳಿಗೆ ನಿಂಬೆರಸ ಹಿಂಡಿದೆ. ಬೆಳಗಿನ ಅಕ್ಕಿ ಒಟ್ಟಿ ಎರಡು ಉಳಿದಿದ್ದವು. ಅವನ್ನು ಕಾವಲಿಯ ಮೇಲೆ ಗರಿಯಾಗುವವರೆಗೆ ಕಾಯಿಸಿ, ಮುರಿದು, ಅತ್ತೆಯವರದನ್ನು ಬಿಟ್ಟು ಉಳಿದೆಲ್ಲ ಬಟ್ಟಲುಗಳ ಮೇಲೆ ಉದುರಿಸಿದೆ. ಟೆಕ್ಸಾಸಿನ ಚಿಪ್ಪಿನ ಕೊರತೆ ಯಾರಿಗೂ ಕಾಣಲಿಲ್ಲ.

ಒಂದು ತೊಡಕು ಮಾತ್ರ ಉಳಿದಿದೆ. ಮೊದಲ ಸುತ್ತಿನಲ್ಲಿ ಹೋಳುಗಳು ಬಾಣಲೆಗೆ ಅಂಟಿಕೊಂಡು, ಕೆಂಪಗಾದ ಪದರವೇ ತಳದಲ್ಲಿ ಉಳಿಯಿತು. ಎರಡನೆಯ ಸುತ್ತಿನಲ್ಲಿ ಹಾಗಾಗಲಿಲ್ಲ.

ಗೋಣಿಕೊಪ್ಪ ಅಡುಗೆಮನೆ:

ಎರಡನೆಯ ಸುತ್ತಿಗೆ ಅಂಟದೆ ಬಂದದ್ದು ಬಾಣಲೆ ಅಷ್ಟರಲ್ಲಿ ಸರಿಯಾಗಿ ಕಾದಿದ್ದರಿಂದ. ಕಬ್ಬಿಣ ನಿಧಾನವಾಗಿ ಕಾಯುವ ಲೋಹ, ಎಣ್ಣೆ ಹಾಕುವ ಮೊದಲು ಮಧ್ಯಮ ಉರಿಯಲ್ಲಿ ಐದು ನಿಮಿಷ ಬರಿಯ ಬಾಣಲೆಯನ್ನೇ ಕಾಯಿಸಿ. ಒಂದು ಹನಿ ನೀರು ಚಿಮುಕಿಸಿದರೆ ಅದು ಗೋಲಿಯಂತೆ ಉರುಳಾಡಬೇಕು. ಫ್ರಿಜ್ಜಿನಿಂದ ತೆಗೆದ ಹೋಳುಗಳನ್ನು ಮನೆಗೆ ಬಂದ ಕೂಡಲೇ ಹೊರಗಿಟ್ಟರೆ ಬಾಣಲೆಯ ಬಿಸಿ ಒಮ್ಮೆಗೇ ಇಳಿಯುವುದಿಲ್ಲ. ಮಗುಚುವಾಗ ಹೋಳು ಹಟ ಹಿಡಿದರೆ ಕೆರೆಯಬೇಡಿ, ಇನ್ನೊಂದು ನಿಮಿಷ ಕಾಯಿರಿ. ಪದರ ಕೆಂಪಗೆ ಕಟ್ಟಿದ ಮೇಲೆ ಅದು ತಾನಾಗಿಯೇ ಬಾಣಲೆಯನ್ನು ಬಿಡುತ್ತದೆ.

ಮೂರ್ನಾಡು ಟೀಚರ್:

ಹಾಗೆಯೇ ಮಾಡುತ್ತೇನೆ ಅಕ್ಕ. ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಸಿಪ್ಪೆ ಬಲಿತ ಗಡ್ಡೆ ಎರಡು ಕಿಲೋ ತೆಗೆದುಕೊಳ್ಳುತ್ತೇನೆ. ಭಾನುವಾರ ಮನೆಯಲ್ಲಿ ಹಂದಿಮಾಂಸ ಮಾಡುವುದಿದೆ, ಮಂಗಳವಾರದ ಬಟ್ಟಲಿಗೆಂದು ಅದರಲ್ಲಿ ಸ್ವಲ್ಪವನ್ನು ಮೊದಲೇ ತೆಗೆದಿಡುತ್ತೇನೆ.